ಮಾಕ್ವಾಲಾಳ ಗುಡಾಣ

ನಮ್ಮ ಕಾಖೇತಿ ಸೀಮೆಯ ಪೀಚ್ ತೋಟಗಳ ನಡುವೆ ನುಗ್ಜಾರನ ವೈನ್ ಮನೆ ಎಂದರೆ ಗೊತ್ತಿಲ್ಲದವರಿಲ್ಲ. ಮುತ್ತಜ್ಜನ ಕಾಲದ್ದು. ನೋಡಲು ಬಂದವರು ಅವನ ಬೆನ್ನು ತಟ್ಟಿ ಹೋಗುತ್ತಾರೆ. ಅದನ್ನು ಉಳಿಸಿದ್ದು ಅವನಕ್ಕ ಮಾಕ್ವಾಲಾ ಎಂದು ಯಾರೂ ಬಾಯಿ ಬಿಡುವುದಿಲ್ಲ. ನಾನು ಪಕ್ಕದ ಮನೆಯವಳು, ಅತಿಥಿಗಳು ಬಂದ ದಿನ ರೊಟ್ಟಿ ಸುಟ್ಟುಕೊಡುವವಳು. ನನಗೇನು ಭಯ? ಹೇಳುತ್ತೇನೆ.

ತಾಯಿ ಸತ್ತಾಗ ನುಗ್ಜಾರ ಮೊಣಕಾಲೆತ್ತರದ ಹುಡುಗ. ಅವನನ್ನು ಸಾಕುತ್ತ, ದ್ರಾಕ್ಷಿ ಬಳ್ಳಿ ಸವರುತ್ತ ಅವಳ ಮದುವೆಯ ವಯಸ್ಸು ಕಳೆದೇಹೋಯಿತು. ಮೈ ಕಡ್ಡಿಯಂಥದು, ನೆಲದಲ್ಲಿ ಹೂತ ಆಳೆತ್ತರದ ವೈನ್ ಗುಡಾಣಗಳೊಳಗೆ ಇಳಿದು ತೊಳೆಯುವ ಕೆಲಸವೂ ಅವಳ ತಲೆಗೇ ಬಂತು. ಒಳಗಿಳಿದವರು ಹಾಡುತ್ತಲೇ ಇರಬೇಕು. ಹಾಡು ನಿಂತರೆ ಉಸಿರು ಕಟ್ಟಿತೆಂದು ಮೇಲಿದ್ದವರು ಎಳೆದು ತೆಗೆಯುತ್ತಾರೆ. ಅವಳದು ಒಡಕು ಗಂಟಲು, ಆದರೂ ಬೀದಿಗೆಲ್ಲ ಕೇಳುತ್ತಿತ್ತು.

ನಮ್ಮೂರಲ್ಲಿ ಮಗು ಹುಟ್ಟಿದ ವರ್ಷ ಅದರ ಹೆಸರಿನಲ್ಲಿ ಒಂದು ಗುಡಾಣ ವೈನ್ ತುಂಬಿ ಮುಚ್ಚುತ್ತಾರೆ. ತೆರೆಯುವುದು ಅದರ ಮದುವೆಗೆ. ಮದುವೆಯಾಗದಿದ್ದರೆ ಸಾವಿನ ಊಟಕ್ಕೆ. ಅಲ್ಲಿಯವರೆಗೆ ಕಡಿಮೆಯಾದದ್ದನ್ನು ತುಂಬಿ, ಗಾಳಿ ಸೇರದಂತೆ ಮುಚ್ಚಳದ ಜೇಡಿಮಣ್ಣು ಬದಲಿಸುತ್ತಿರಬೇಕು. ತನ್ನದನ್ನು ತಾನೇ ಮುಟ್ಟುವಂತಿಲ್ಲ, ಒಡಹುಟ್ಟಿದವರು ನೋಡಿಕೊಳ್ಳಬೇಕು. ತಮ್ಮನದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನ ಮದುವೆಯಲ್ಲಿ ಅದನ್ನು ಕುಡಿದವರು ಇವತ್ತಿಗೂ ನೆನೆಯುತ್ತಾರೆ.

“ನನ್ನದರ ಮಣ್ಣು ಬಿರುಕು ಬಿಟ್ಟಿದೆ ಕಣೋ,” ಎಂದು ಪ್ರತಿ ವಸಂತದಲ್ಲೂ ಅವಳು ಹೇಳುವಳು.

“ಮಾಡೋಣ ಬಿಡಕ್ಕ, ಅದೇನು ಓಡಿಹೋಗುತ್ತಾ?” ಎನ್ನುವನು ನುಗ್ಜಾರ.

ನನ್ನ ಹತ್ತಿರ ಮಾತ್ರ ಬಾಯಿಬಿಟ್ಟಿದ್ದಳು: “ಮದುವೆ ಊಟವಂತೂ ಹಾಕ್ಲಿಲ್ಲ. ಸತ್ತ ದಿನವಾದ್ರೂ ಊರೆಲ್ಲ ನನ್ನ ವೈನ್ ಕುಡಿದು ನನ್ನ ಹೆಸರು ಹೇಳ್ಲಿ. ನಂಗಷ್ಟೇ ಸಾಕು ಕಣೇ.”

ಈ ಸಲ ಸುಗ್ಗಿಗೆ ಮುಂಚೆ ರಾಜಧಾನಿ ತಿಬಿಲಿಸಿಯಿಂದ ದೊಡ್ಡ ಮನುಷ್ಯರು ಬಂದರು. ಲೋಟ ಏರಿದಂತೆಲ್ಲ ನುಗ್ಜಾರನ ಜಂಬವೂ ಏರಿತು. “ಅರವತ್ತು ವರ್ಷದ್ದು ತೋರಿಸ್ತೀನಿ ಬನ್ನಿ!” ಎಂದು ಸಲಿಕೆ ಹಿಡಿದು ನೇರ ಅಕ್ಕನ ಗುಡಾಣದ ಹತ್ತಿರ ಹೋದ.

“ಲೋ, ನಾನಿನ್ನೂ ಸತ್ತಿಲ್ಲ ಕಣೋ!” ಎಂದಳು ಮಾಕ್ವಾಲಾ.

ಅತಿಥಿಗಳು ನಕ್ಕರು. ತಮಾಷೆ ಎಂದುಕೊಂಡರು, ಪಾಪಿಗಳು! ಅವನು ಮುಚ್ಚಳ ಎತ್ತಿದ. ಹುಳಿ ವಾಸನೆ ಮೂಗಿಗೆ ಬಡಿಯಿತು. ವೈನ್ ಪೂರಾ ವಿನೆಗರ್ ಆಗಿತ್ತು.

“ಥೂ, ಕೆಟ್ಟುಹೋಗಿದೆ. ಉಪ್ಪಿನಕಾಯಿಗೆ ಆಗುತ್ತೆ ಬಿಡಿ,” ಎಂದು ನಗುತ್ತಲೇ ಅವನು ಅತಿಥಿಗಳನ್ನು ಬೇರೆ ಕಡೆ ಕರೆದೊಯ್ದ. ಹೋಗುತ್ತ ಹೋಗುತ್ತ, “ಅಕ್ಕ, ಇದನ್ನ ನಾಳೆ ತೊಳೆದಿಡು. ಮೊನ್ನೆ ಹುಟ್ಟಿದ ಮೊಮ್ಮಗನ ಹೆಸರಲ್ಲಿ ತುಂಬೋಣ,” ಎಂದ.

ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು ನನಗೆ. ಮಾಕ್ವಾಲಾ ಪಕ್ಕಕ್ಕೆ ಎತ್ತಿಟ್ಟ ಮುಚ್ಚಳದ ಕಲ್ಲಿನ ಮೇಲೆ ಕೂತುಬಿಟ್ಟಳು.

ಮರುದಿನ ವಿನೆಗರನ್ನೆಲ್ಲ ಮೊಗೆದು ಹಾಕಿ, ಕುಂಚ ಹಿಡಿದು ತನ್ನ ಗುಡಾಣದೊಳಗೆ ತಾನೇ ಇಳಿದಳು. ನಾನು ಬಾಯಿಯ ಹತ್ತಿರ ಕೂತು ನೀರು ಬಿಡುತ್ತಿದ್ದೆ. ಕುಂಚ ಉಜ್ಜುವ ಸದ್ದು ಬರುತ್ತಿತ್ತು, ಹಾಡಿಲ್ಲ. ಆಮೇಲೆ ಆ ಸದ್ದೂ ನಿಂತಿತು. ನಾನು ಬಗ್ಗಿ ಒಳಗೆ ಕೂಗಿದೆ.

“ಮಾಕ್ವಾಲಾ! ಹಾಡೇ! ಹಾಡೇ ಮಾರಾಯ್ತಿ!”

“ಯಾಕೆ ಬಡ್ಕೋತೀಯಾ? ಬದುಕಿದ್ದೀನಿ,” ಎಂದಳು ಒಳಗಿನಿಂದ. “ನೀರು ಬಿಡು.”