ಗುಡ್ಡದ ಮೇಲಿನ ಮನುಷ್ಯಾಕೃತಿ

ಬೆಳಿಗ್ಗೆ ಒಂಬತ್ತು ಗಂಟೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಉಡುಪಿಯ ವಸ್ತುಸಂಗ್ರಹಾಲಯದಲ್ಲಿದ್ದವರು ಮುಖ್ಯೋಪಾಧ್ಯಾಯನಾದ ನಾನು, ಆಯ್ಕೆ ಸಮಿತಿಯ ಅಧ್ಯಕ್ಷರಾದ ಮಣಿಪಾಲದ ವೃದ್ಧ ವೈದ್ಯರು ಮತ್ತು ಕಾರ್ಕಳದ ಚಿತ್ರಕಲಾ ಶಿಕ್ಷಕಿ ಪದ್ಮಾವತಿ. ಅರವತ್ತರ ದಶಕದ ಆರಂಭವದು. ನಮ್ಮ ಸೀಮೆಯ ನಿಸರ್ಗಚಿತ್ರಗಳ ಪ್ರದರ್ಶನ ಹತ್ತಕ್ಕೆ ತೆರೆಯಬೇಕಿತ್ತು. ಚಿತ್ರಗಳಲ್ಲಿ ಮನುಷ್ಯಾಕೃತಿ ಇರಕೂಡದೆಂಬ ನಿಯಮವನ್ನು ಬರೆದವನು ನಾನೇ.

ಪದ್ಮಾವತಿಯವರು ಕಾರ್ಕಳದ ಬಂಡೆಗುಡ್ಡವನ್ನು ಚಿತ್ರಿಸಿದ್ದರು. ಅದರ ನೆತ್ತಿಯಲ್ಲಿ ಗೊಮ್ಮಟನ ವಿಗ್ರಹವಿತ್ತು. ಕಾಪುವಿನ ದೀಪಸ್ತಂಭದ ಚಿತ್ರದ ಪಕ್ಕದ ಮೊಳೆ ಇನ್ನೂ ಖಾಲಿ ಇತ್ತು.

"ಮನುಷ್ಯಾಕೃತಿ ಉಂಟು. ಇದನ್ನು ತೂಗುಹಾಕಲಾಗದು," ಎಂದೆ.

"ಅದು ಕಲ್ಲು, ಸರ್. ಇದು ನನ್ನ ಮೊದಲ ಪ್ರದರ್ಶನ. ನೋಡಲಿಕ್ಕೆ ಅಮ್ಮ ಬಸ್ಸು ಹತ್ತಿ ಆಗಿದೆ."

"ಕೈಕಾಲು ಉಂಟಲ್ಲ?"

"ಉಂಟು. ಸ್ವಾಮಿಯನ್ನು ಅಳಿಸಿದರೆ ಇದು ಯಾವ ಊರಿನ ಗುಡ್ಡ? ನೀವೇ ಹೇಳಿ."

ನಾನು ವೈದ್ಯರತ್ತ ತಿರುಗಿದೆ. ಅವರು ಕನ್ನಡಕ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಎಂತ ಮಾಸ್ಟ್ರೇ, ನಿಮ್ಮ ಶಾಲೆಯಲ್ಲಿ ಐದು ನಿಮಿಷ ಅಲುಗಾಡದೆ ನಿಂತ ಮನುಷ್ಯರನ್ನು ಕಂಡದ್ದುಂಟಾ? ಇವರು ನೂರಾರು ವರ್ಷದಿಂದ ನಿಂತಿದ್ದಾರೆ. ಇವರೂ ಗುಡ್ಡವೇ. ತೂಗುಹಾಕಿ."