ಕೊನೇ ಮನೆಯ ನೀರು

ಅವರ ಅಂಗಿಯಲ್ಲಿ ಬಣ್ಣ ಉಳಿದ ಜಾಗಕ್ಕಿಂತ ಬಣ್ಣ ಹೋದ ಜಾಗವೇ ಹೆಚ್ಚು. ಎದೆಯ ಮೇಲೆ ಬಿಳಿ ಮಚ್ಚೆಗಳು, ಪಂಚೆಯ ಅಂಚಿನಲ್ಲಿ ಸಣ್ಣ ತೂತುಗಳು, ಬೆರಳ ತುದಿಗಳಲ್ಲಿ ಸುಣ್ಣ ತಿಂದಂಥ ಬಿರುಕು. ಬ್ಲೀಚಿಂಗ್ ಪೌಡರಿನೊಡನೆ ಇಪ್ಪತ್ತು ವರ್ಷ ಸಂಸಾರ ಮಾಡಿದವರ ಗುರುತುಗಳು. ಬೀದಿಯ ತಿರುವಿನಲ್ಲಿ ಅವರು ಕಾಣಿಸುವ ಮೊದಲೇ ವಾಸನೆ ಬಂದು ಹಾಜರಿ ಹಾಕುತ್ತಿತ್ತು.

ಮಿರ್ಲೆಯ ಆಚೆಗಿನ ನಮ್ಮೂರಿಗೆ ಅವರು ನೀರುಗಂಟಿ. ಬಕೆಟ್ಟಿನಲ್ಲಿ ಪೌಡರು ಕಲಸಿ, ಗಸಿ ತಳಕ್ಕಿಳಿಯುವವರೆಗೆ ಒಂದು ಬೀಡಿ ಸೇದಿ, ತಿಳಿಯನ್ನು ಮಾತ್ರ ಹೊತ್ತು ಟ್ಯಾಂಕಿನ ಏಣಿ ಹತ್ತುವುದು, ಆಮೇಲೆ ವಾಲ್ವ್ ತಿರುಗಿಸುವುದು. ಇಷ್ಟನ್ನು ಎಲ್ಲ ನೀರುಗಂಟಿಗಳೂ ಮಾಡುತ್ತಾರೆ. ಇವರು ನೀರು ಬಿಟ್ಟ ಮೇಲೆ ಸೈಕಲ್ಲೇರಿ ನೇರ ನಮ್ಮ ಬೀದಿಯ ಕೊನೇ ಮನೆಗೆ ಹೋಗುತ್ತಿದ್ದರು. ಅಲ್ಲಿನ ನಲ್ಲಿಯಿಂದ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧಿಯ ತೊಟ್ಟು ಬಿಟ್ಟು, ಸೂರ್ಯನಿಗೆ ಅರ್ಘ್ಯ ಕೊಡುವವರಂತೆ ಬೆಳಕಿಗೆ ಎತ್ತಿ ನೋಡುವರು. ನೀರು ಹಳದಿಗೆ ತಿರುಗಿದರೆ ಬ್ಲೀಚಿಂಗ್ ಅಲ್ಲಿಯವರೆಗೂ ತಲುಪಿದೆ ಎಂದರ್ಥ.

“ಹೆಣ್ಣು ಅರಿಸ್ನ ಮೆತ್ಕಂಡವಳೆ ಕಣವ್ವಾ, ಮನೆ ತುಂಬುಸ್ಕೊ” ಎಂದು ಆ ಮನೆಯ ಸೊಸೆಗೆ ಅಪ್ಪಣೆಯಾಗುತ್ತಿತ್ತು.

ನಾನು ನಿವೃತ್ತ ಹೆಡ್‌ಮಾಸ್ಟರು. ನಮ್ಮ ಪರಿಚಯ ಬೆಳೆದದ್ದು ಜಗಳದಿಂದ. ನನ್ನ ಕಾಫಿಗೆ ಬ್ಲೀಚಿಂಗ್ ವಾಸನೆ ಬಡಿಯುತ್ತಿದೆಯೆಂದು ಪಂಚಾಯಿತಿಗೆ ಮೂರು ಪುಟದ ಸವಿನಯ ಮನವಿ ಬರೆದಿದ್ದೆ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಅವರು ನಮ್ಮ ಜಗಲಿಗೆ ಬಂದರು.

“ಅರ್ಜಿ ಬೋ ಚೆನ್ನಾಗದೆ ಮೇಷ್ಟ್ರೇ, ಎರಡು ಸಲ ಓದುಸ್ಕಂಡೆ. ನೀರು ಹಿಡಿದು ಒಂದು ಗಂಟೆ ಬಿಂದ್ಗೇಲಿ ಮಡಗಿ, ವಾಸ್ನೆ ಒಂಟೋಯ್ತದೆ. ಆಮೇಲೆ ಕಾಪಿ ಕಾಸಿ. ಆತುರ ನಿಮ್ದು, ತಪ್ಪು ಪೌಡ್ರುದಾ?”

ನಮ್ಮ ಬೀದಿಯಲ್ಲಿ ನೀರಿನ ರಭಸ ಕಡಿಮೆ. ಗುಂಡಿ ತೋಡಿ ನಲ್ಲಿಯನ್ನು ನೆಲಕ್ಕಿಂತ ತಗ್ಗಿಗೆ ಇಳಿಸಿದರೆ ನೀರು ಜಾಸ್ತಿ ಬರುತ್ತದೆಂಬ ವಿಜ್ಞಾನ ಎಲ್ಲರಿಗೂ ಕರಗತವಾಗಿತ್ತು. ಪಕ್ಕದವರು ಒಂದಡಿ ತೋಡಿದರೆ ನಾವು ಎರಡಡಿ. ನನ್ನದು ವಿದ್ಯಾವಂತನ ಗುಂಡಿಯಾದ್ದರಿಂದ ಎಲ್ಲಕ್ಕಿಂತ ಆಳ. ಮುಚ್ಚಿ ಎಂದು ನೀರುಗಂಟಿ ಎರಡು ಸಲ ಹೇಳಿದ್ದರು. ಬೇಸಿಗೆ ಕಳೆಯಲಿ ಎಂದಿದ್ದೆ.

ಬೇಸಿಗೆ ಕಳೆದು ಮಳೆ ಬಂತು, ಚರಂಡಿ ಉಕ್ಕಿತು. ದೊಡ್ಡವರ ಹೊಟ್ಟೆಗಳು ಹೇಗೋ ತಡೆದುಕೊಂಡವು. ಕೊನೇ ಮನೆಯ ಎಂಟು ತಿಂಗಳ ಹೆಣ್ಣುಮಗು ವಾಂತಿಭೇದಿಯಿಂದ ಸೋತು ಕೆ.ಆರ್. ನಗರದ ಆಸ್ಪತ್ರೆ ಸೇರಿತು. ಮೂರು ದಿನ ಬದುಕುವುದೋ ಇಲ್ಲವೋ ಎಂಬಂತಿತ್ತು.

ಮಗುವನ್ನು ಒಯ್ದ ಬೆಳಿಗ್ಗೆ ಕೊನೇ ಮನೆಯ ನೀರು ಹಳದಿಯಾಗಲಿಲ್ಲ. ಅವರು ಒಂದೊಂದೇ ಮನೆಯ ನೀರು ಪರೀಕ್ಷಿಸುತ್ತ ಟ್ಯಾಂಕಿನ ದಿಕ್ಕಿಗೆ ನಡೆದು ಬಂದರು. ನನ್ನ ಮನೆಯವರೆಗೂ ಬಣ್ಣವಿಲ್ಲ. ನನ್ನ ಮನೆ ದಾಟಿದೊಡನೆ ಹಳದಿ. ಹಿಂದಿರುಗಿ ನನ್ನ ಗುಂಡಿಗೆ ಇಣುಕಿದರು. ತಿರುಪು ಹೋದ ನಲ್ಲಿ ಚರಂಡಿ ನೀರಿನಲ್ಲಿ ಮುಳುಗಿ ಕೂತಿತ್ತು. ನೀರು ನಿಂತ ಹೊತ್ತಿನಲ್ಲಿ ಖಾಲಿ ಪೈಪು ಆ ಕೊಳೆಯನ್ನು ಹೀರಿ, ಮರುದಿನ ಮುಂದಿನ ಮನೆಗಳಿಗೆ ಹಂಚುತ್ತಿತ್ತು.

“ಸಿಕ್ತೇನಯ್ಯಾ? ಯಾರ ಮನೇದು?” ಎಂದು ದೂರದಲ್ಲಿ, ಕೊನೇ ಮನೆಯ ಮುಂದೆ ನೆರೆದಿದ್ದ ಗುಂಪಿನಿಂದ ಯಾರೋ ಕೂಗಿದರು.

“ಸಿಕ್ತು. ಸರಿ ಮಾಡ್ತೀನಿ, ಮನೆಗೋಗ್ರಿ. ಇವತ್ತು ಯಾರೂ ನಲ್ಲಿ ನೀರು ಕುಡೀಬ್ಯಾಡಿ” ಎಂದರು. ಜನ ಚದುರಿದ ಮೇಲೆ ನನ್ನ ಕೈಗೆ ಗುದ್ದಲಿ ಕೊಟ್ಟರು. ಇಬ್ಬರೂ ಸೇರಿ ನಲ್ಲಿಯನ್ನು ಮೇಲೆತ್ತಿ ಗುಂಡಿ ಮುಚ್ಚಿದೆವು.

“ಆ ಮನೆಯವರಿಗೆ ಹೇಳಬೇಕಲ್ಲವೇ?” ಎಂದೆ, ಬೇಡವೆನ್ನಲಿ ಎಂಬ ಆಸೆಯಿಂದ.

“ಪೈಪು ಸರಿ ಮಾಡೋದು ನನ್ ಕೆಲ್ಸ ಮೇಷ್ಟ್ರೇ. ಯೇಳೋದು ನಿಮ್ದು.”

ಮಗು ಬದುಕಿತು. ಹೆಡ್‌ಮಾಸ್ಟರೇ ಗುಂಡಿ ಮುಚ್ಚಿದರೆಂದು ವಾರದೊಳಗೆ ಬೀದಿಯ ಗುಂಡಿಗಳೆಲ್ಲ ಮುಚ್ಚಿದವು. ಗ್ರಾಮಸಭೆಯಲ್ಲಿ ನನ್ನ ದೂರದೃಷ್ಟಿಗೆ ಚಪ್ಪಾಳೆ ಬಿತ್ತು. ಅವರೂ ತಟ್ಟಿದರು, ನನ್ನ ಮುಖವನ್ನೇ ನೋಡುತ್ತ.

ಆಮೇಲಿನ ಏಳು ವರ್ಷ, ದಿನ ಬೆಳಗಾದರೆ ನಮ್ಮ ಬಾಗಿಲಲ್ಲಿ ಸೈಕಲ್ ನಿಧಾನಿಸುತ್ತಿತ್ತು. “ಕಾಪಿ ಆಯ್ತಾ ಮೇಷ್ಟ್ರೇ?” ಎಂದು ಕೇಳುವರು. ಹೇಳಿದಿರಾ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟಾದರೂ ಬಂದು ಪಾರಾಗುತ್ತಿದ್ದೆ.

ಕಳೆದ ಮಾಘದಲ್ಲಿ ಅವರು ತೀರಿಕೊಂಡರು. ಈಗ ಟ್ಯಾಂಕಿಗೆ ಔಷಧಿ ಬೆರೆಸಲು ಯಂತ್ರ ಬಂದಿದೆ. ಅದು ಅಳತೆ ತಪ್ಪುವುದಿಲ್ಲ, ಯಾರನ್ನೂ ಮಾತಾಡಿಸುವುದೂ ಇಲ್ಲ. ಬೆಳಿಗ್ಗೆ ಯಾರದೇ ಸೈಕಲ್ ಬಂದರೂ ನಾನು ಪೇಪರಿನಿಂದ ತಲೆಯೆತ್ತುತ್ತೇನೆ.

ಅವರ ತಿಥಿಯ ಮಾರನೆಯ ದಿನ ಕೊನೇ ಮನೆಗೆ ಹೋದೆ. ಆ ತಾಯಿ ಅಕ್ಕಿ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

“ಗೊತ್ತು ಸಾ. ಮಗೀನ ಆಸ್ಪತ್ರೆಯಿಂದ ತಂದ ದಿನ್ವೇ ಅವ್ರು ಬಂದು ಯೇಳುದ್ರು. ‘ಮೇಷ್ಟ್ರು ತಾವಾಗೇ ಬಂದು ಯೇಳ್ತಾರೆ, ಅಲ್ಲೀಗಂಟ ನೀನು ಕೇಳ್ಬ್ಯಾಡ’ ಅಂದಿದ್ರು. ಮೊನ್ನೆ ಹಾಸಿಗೆ ಹಿಡ್ದಾಗ ನೋಡಕ್ಕೋಗಿದ್ದೆ. ಆಗ್ಲೂ ಕೇಳುದ್ರು, ‘ಬಂದಿದ್ರಾ?’ ಅಂತ. ಇಲ್ಲ ಅಂದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“‘ಬತ್ತಾರೆ ಬುಡು’ ಅಂದ್ರು.”