ಹುಳದ ಮನೆಯಂತೆ ತೊಳೆದ ಲ್ಯಾಬು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಕಾಲೇಜು. ಅದರ ಹಿಂಬದಿಯ ಒಂದು ಕೋಣೆಯಲ್ಲಿ ಈಗ ಕಾಲು ಮುರಿದ ಬೆಂಚುಗಳು, ಗಣೇಶನ ಹಬ್ಬದ ಸೀರಿಯಲ್ ಸೆಟ್ಟು, ಯಾರೋ ಬಿಟ್ಟುಹೋದ ಕೇರಂ ಬೋರ್ಡು ಬಿದ್ದಿವೆ. ಭೌತಶಾಸ್ತ್ರದ ಪಾಠ ಹೇಳುವ ನಾನು ದಿನಾ ಅದರ ಮುಂದೆ ಹಾದುಹೋಗುತ್ತೇನೆ, ಒಳಗೆ ಇಣುಕುವುದಿಲ್ಲ. ಆ ಕೋಣೆಯಲ್ಲಿ ಒಂದು ಕಾಲಕ್ಕೆ ಬೆಳಕಿನಿಂದ ರೇಡಿಯೋ ಅಲೆ ಹುಟ್ಟಿಸುತ್ತಿದ್ದೆವು ಎಂದರೆ ಈಗಿನ ಮಕ್ಕಳು ನನ್ನ ಮುಖ ನೋಡಿ ಮರ್ಯಾದೆಗೆ ತಲೆಯಾಡಿಸುತ್ತಾರೆ, ಅಷ್ಟೇ.

ಹೇಳುವುದಕ್ಕೇನೋ ಸುಲಭ. ಸಾಸಿವೆ ಕಾಳಿಗಿಂತ ಚಿಕ್ಕದಾದ ಎರಡು ಅರೆವಾಹಕ ಲೇಸರುಗಳು. ಎರಡರ ಬೆಳಕೂ ಕಣ್ಣಿಗೆ ಕಾಣದು. ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ. ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಎರಡನ್ನೂ ಕೂಡಿಸಿ, ಬೆಳಕನ್ನು ಕರೆಂಟಾಗಿ ಮಾಡುವ ಡಯೋಡಿನ ಮೇಲೆ ಬಿಟ್ಟರೆ ಆ ವ್ಯತ್ಯಾಸವೇ ಹೊಸದೊಂದು ಅಲೆಯಾಗಿ ಹೊರಬರುತ್ತದೆ. ಉದ್ದ ಕೆಲವೇ ಮಿಲಿಮೀಟರು. ಮುಂದಿನ ಕಾಲದ ಫೋನುಗಳಿಗೆ ಇಂಥ ಅಲೆಯೇ ಬೇಕು ಎಂದು ಲೋಕವೆಲ್ಲ ಅದರ ಬೆನ್ನು ಹತ್ತಿತ್ತು.

ನಮ್ಮ ಕಾಲೇಜಿನ ಅಟೆಂಡರ್ ನನ್ನ ಸ್ವಂತ ಚಿಕ್ಕಪ್ಪ. ಹುತ್ತೂರಿನ ಕಡೆ ಅವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಸಂಜೆ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾನೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು, ಮಾತು ಕಲಿಸಿದವನು ಅವನೇ. ನನ್ನ ಕೆಲಸವನ್ನು ಅವನಿಗೆ ವಿವರಿಸಿದ್ದು ನನಗೆ ಇನ್ನೂ ನೆನಪಿದೆ.

"ನಮ್ ಹಾರ್ಮೋನಿ ಇಲ್ವೇನಮ್ಮಾ," ಎಂದ. "ಎರಡು ರೀಡು ಒಂಚೂರು ಆಚೀಚೆ ಆದ್ರೆ ವಾಂ ವಾಂ ಅಂತ ಅಲ್ಲಾಡ್ತದೆ. ಆ ಅಲ್ಲಾಡೋದನ್ನೇ ಹಿಡೀತೀಯಾ ನೀನು?"

"ಅದೇ ಚಿಕ್ಕಪ್ಪ."

"ಥೂ, ನಾವು ಅದು ಬರಬಾರ್ದು ಅಂತ ಸಾಯ್ತೀವಿ. ನೀನು ಅದಕ್ಕೇ ಸಂಬಳ ತಗೋತೀಯ!"

ಆ ಅಲ್ಲಾಟವನ್ನು ಒಂದೇ ಕಡೆ ನಿಲ್ಲಿಸುವುದೇ ಕಷ್ಟದ ಕೆಲಸ. ಲೇಸರಿಗೆ ಸ್ವಲ್ಪ ಬಿಸಿ ತಾಗಿದರೂ ಬಣ್ಣ ಜಾರುತ್ತದೆ, ಅಲೆಯೂ ಜೊತೆಗೆ ಜಾರುತ್ತದೆ. ಮೂರನೆಯ ಲೇಸರೊಂದನ್ನು ಯಜಮಾನನ ಹಾಗೆ ಇಟ್ಟು, ಅದರ ಬೆಳಕನ್ನು ಬಾಚಣಿಗೆ ಹಲ್ಲಿನ ಹಾಗೆ ಸಮದೂರದ ಬಣ್ಣಗಳಾಗಿ ಸೀಳಿ ಈ ಎರಡರೊಳಕ್ಕೂ ಬಿಟ್ಟು, ಇವು ಒಂದೊಂದೂ ಬೇರೆ ಬೇರೆ ಹಲ್ಲು ಹಿಡಿದು ಅದರ ತಾಳಕ್ಕೇ ನಡೆಯುವಂತೆ ಕಟ್ಟಿಹಾಕಬೇಕು. ಮುಚ್ಚಿದ ಡಬ್ಬಿಯಲ್ಲಿ ಬರುವ ಲೇಸರು ನಮ್ಮ ಕೈಗೆ ಎಟುಕುವಂಥದ್ದಲ್ಲ. ನಾವು ಬಿಡಿ ಲೇಸರ್ ಚಿಪ್ಪುಗಳನ್ನೇ ತಂದು, ಎದುರಿಗೆ ಬಟಾಣಿಯಂಥ ಮಸೂರ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಕವುಚಿದ್ದೆವು. ಮಾಲೂರು, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂ.ಎಸ್ಸಿ. ಹುಡುಗಿಯರು ಮೂಗಿಗೆ ದುಪ್ಪಟ್ಟಾ ಕಟ್ಟಿಕೊಂಡು ಅದನ್ನು ಜೋಡಿಸಿದರು.

ಉಳಿದ ಉಪಕರಣಗಳು ನಗರದ ದೊಡ್ಡ ಸಂಸ್ಥೆಯೊಂದರವು. ಅವರು ಬಂದು ನೋಡಿದಾಗ ಅಲೆ ಅಲುಗಾಡದೆ ನಿಂತಿದ್ದರೆ ಅವೆಲ್ಲ ನಮ್ಮಲ್ಲೇ ಉಳಿಯುತ್ತವೆ, ಇಲ್ಲದಿದ್ದರೆ ವಾಪಸ್. ಹಾಗೆಂದು ಮಾತಾಗಿತ್ತು. ಅವರು ಬರುವ ಹಿಂದಿನ ದಿನ ಅಲೆ ನಿಂತಿತು. ಅಲೆ ಅಳೆಯುವ ಉಪಕರಣದ ಪರದೆಯ ಮೇಲೆ ಹುಲ್ಲಿನ ಹಾಗೆ ಗದ್ದಲ, ನಡುವೆ ಸೂಜಿಯಂಥ ಒಂದೇ ಗೆರೆ. ಹುಡುಗಿಯರು ಕುಣಿದರು. ನಾನು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಹೇಳಿ, ಚಿಕ್ಕಪ್ಪನ ಕೈಯಲ್ಲಿ ಬೀಗ ಹಾಕಿಸಿ ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಕಾರಿಡಾರಿನಲ್ಲೇ ಆ ವಾಸನೆ ಮೂಗಿಗೆ ಹೊಡೆಯಿತು. ಹುಳದ ಮನೆಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಮರಿಹುಳ ತರುವ ಮುಂಚೆ ಮನೆಯೆಲ್ಲ ತೊಳೆದು, ಬ್ಲೀಚಿಂಗ್ ಪೌಡರು, ಸುಣ್ಣ ಕದಡಿದ ನೀರನ್ನು ಗೋಡೆ, ತಟ್ಟೆ, ಸಂದಿಗೊಂದಿಗೆಲ್ಲ ಪಂಪಿನಲ್ಲಿ ಹೊಡೆಯುತ್ತಾರೆ. ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿ, ಬಂದವರು ಅದನ್ನು ತುಳಿದೇ ಒಳಗೆ ಬರಬೇಕು ಎನ್ನುತ್ತಾರೆ. ಇಲ್ಲದಿದ್ದರೆ ಹುಳಕ್ಕೆ ರೋಗ.

ಹೊಸ್ತಿಲಲ್ಲಿ ಸುಣ್ಣವಿತ್ತು. ಪಕ್ಕದಲ್ಲಿ ಚಿಕ್ಕಪ್ಪ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು.

"ದೊಡ್ಡೋರ್ ಬರ್ತಾರೆ ಅಂದ್ಯಲ್ಲ. ಧೂಳು ಬಿದ್ರೆ ಕೆಡ್ತದೆ, ಸೆಕೆ ಆದ್ರೆ ಕೆಡ್ತದೆ ಅಂತ ನೀನೇ ಗೋಳಾಡ್ತಿದ್ದೆ. ನನ್ನ ಹುಳಕ್ಕೂ ಹಂಗೇ ಅಲ್ವಾ? ಬೆಳಿಗ್ಗೆ ಬೇಗ ಬಂದು ಒಂದು ಕೈ ಹೊಡೆದೆ. ಸ್ವಿಚ್ ಮುಟ್ಟಿಲ್ಲ ಕಣಮ್ಮ, ನೀನು ಹೇಳಿದ್ದು ಗ್ಯಾಪಕ ಇದೆ."

"ಮುಚ್ಚಳ?"

"ಎತ್ತಿ ಒಳಗೂ ಹೊಡೆದೆ. ಅದೇ ಅಲ್ವಾ ಮುಖ್ಯ?"

ಮಸೂರದ ಮೇಲೆ ಹಾಲು ಒಣಗಿದಂಥ ಬಿಳಿ ಪೊರೆ. ಲೇಸರಿನ ಬಾಯಿಯ ಮೇಲೂ ಅದೇ. ಪರದೆಯಲ್ಲಿ ಹುಲ್ಲು ಇತ್ತು, ಸೂಜಿ ಇರಲಿಲ್ಲ. ಒರೆಸಿದೆ, ಊದಿದೆ, ಕರೆಂಟು ಏರಿಸಿದೆ. ಆರಿಸದೆ ಬಿಟ್ಟಿದ್ದ ಲೇಸರಿನ ಬೆಳಕಿಗೇ ಪೊರೆ ಕಾದು ಚಿಪ್ಪಿನ ಬಾಯಿ ಸುಟ್ಟುಹೋಗಿತ್ತು. ಹುಡುಗಿಯೊಬ್ಬಳು ಅಳುತ್ತಿದ್ದಳು. ಅಷ್ಟರಲ್ಲಿ ಅವರು ಬಂದರು.

ನಾಲ್ಕೈದು ಜನ. ಪಾಲಿಶ್ ಮಾಡಿದ ಬೂಟುಗಳೆಲ್ಲ ಸುಣ್ಣ ತುಳಿದು ಬೆಳ್ಳಗಾದವು. ಅವರ ಮುಖ್ಯಸ್ಥರು ಬಗ್ಗಿ ಮಸೂರ ನೋಡಿ, ಬೆರಳಿನಿಂದ ಮೇಜು ಸವರಿ ಮೂಸಿದರು. "ಯಾರ್ರೀ ಇದನ್ನ ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮುಂದೆ ಬಂದು ಕೈ ಮುಗಿದ. "ನಾನೇ ಸಾ. ಟೈಮಿದ್ದಿದ್ರೆ ಇನ್ನೊಂದು ಕೈ ಹೊಡೀತಿದ್ದೆ."

ಅವರು ನಕ್ಕರು. ಒಬ್ಬರಲ್ಲ, ಎಲ್ಲರೂ. ತನ್ನನ್ನು ಮೆಚ್ಚಿದರು ಎಂದುಕೊಂಡು ಚಿಕ್ಕಪ್ಪನೂ ನಕ್ಕ. ಆಮೇಲೆ ನನ್ನ ಮುಖ ನೋಡಿದ. ಅವನ ನಗು ಮುಖದ ಮೇಲೆ ಹಾಗೇ ಉಳಿದು, ನಿಧಾನಕ್ಕೆ ಒಣಗಿತು.

"ಹುಳ ಸಾಕೋ ಊರಲ್ಲಿ ಇಂಥ ಕೆಲಸ ಇಟ್ಕೊಂಡ್ರೆ ಇನ್ನೇನಾಗುತ್ತೆ ಮೇಡಂ?" ಎಂದರು ಮುಖ್ಯಸ್ಥರು. ನಿನ್ನೆ ಅಲೆ ನಿಂತಿತ್ತು ಎಂದು ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. ಬೇರೆ ಚಿಪ್ಪು ಹಾಕಿ ವಾರದೊಳಗೆ ಮತ್ತೆ ನಿಲ್ಲಿಸುತ್ತೇನೆ ಎಂದೆ. ಅವರು ಫೋಟೋ ಕಡೆಗೆ ಕಣ್ಣೂ ಹಾಯಿಸಲಿಲ್ಲ.

ಉಪಕರಣಗಳನ್ನು ಹೊರಗೆ ಒಯ್ಯುವಾಗ ನಾನೂ ಹಿಂದೆ ಹೋದೆ. ಅವರ ಕಾರಿನ ಹಿಂದೆ ಒಂದು ಟೆಂಪೊ ನಿಂತಿತ್ತು. ಅದರೊಳಗೆ ಥರ್ಮಾಕೋಲ್ ಪೆಟ್ಟಿಗೆಗಳು, ನಮ್ಮ ಒಂದೊಂದು ಉಪಕರಣದ ಅಳತೆಗೂ ಮೊದಲೇ ಕತ್ತರಿಸಿ ತಂದವು. ಪರದೆ ಕೂರುವ ಕುಳಿ, ಡಯೋಡಿನ ಪೆಟ್ಟಿಗೆ ಕೂರುವ ಕುಳಿ. ಸೂಜಿಯಂಥ ಗೆರೆ ನಿಂತಿದ್ದರೂ, ಬಿದ್ದಿದ್ದರೂ ಆ ಕುಳಿಗಳು ಖಾಲಿ ಹೋಗುತ್ತಿರಲಿಲ್ಲ. ನೋಡಲು ಬಂದವರು ಟೆಂಪೊ ಯಾಕೆ ತರುತ್ತಾರೆ?

ಅವರಿಗೆ ಬೇಕಿದ್ದದ್ದು ಒಂದು ನೆಪ. ಅದನ್ನು ನನ್ನ ಚಿಕ್ಕಪ್ಪ, ನನ್ನ ಮೇಲಿನ ಅಕ್ಕರೆಯಿಂದ, ಬಿಳಿ ಸುಣ್ಣ ಬಳಿದು ಕೈಗಿಟ್ಟ. ಈಗ ನಗರದಲ್ಲಿ ಅವರು ಅದೇ ಅಲೆ ನಿಲ್ಲಿಸಿದ್ದಾರಂತೆ, ನಮ್ಮ ಜೋಡಣೆಯಲ್ಲೇ. ಹುಡುಗಿಯರ ಹೆಸರು ಎಲ್ಲೂ ಇಲ್ಲ. ಒಬ್ಬಳು ಶ್ರೀನಿವಾಸಪುರದಲ್ಲಿ ಟ್ಯೂಷನ್ ಹೇಳುತ್ತಾಳೆ.

ಚಿಕ್ಕಪ್ಪನಿಗೆ ಟೆಂಪೊ ವಿಷಯ ಹೇಳಿದೆ. ಒಂದು ಸಲವಲ್ಲ, ಅವನ ಹುಳದ ಮನೆಯ ಜಗಲಿಯಲ್ಲಿ ಕೂತಾಗಲೆಲ್ಲ. ಪೆಟ್ಟಿಗೆಯ ಕುಳಿಗಳನ್ನು ನೆಲದ ಮೇಲೆ ಬರೆದು ತೋರಿಸಿದೆ.

"ನೀನು ಹೊಡೀದೆ ಇದ್ರೂ ಒಯ್ಯೋರೇ ಚಿಕ್ಕಪ್ಪ."

"ಬಿಡು ತಲ್ಲಿ," ಎಂದ, ತೆಲುಗಿನಲ್ಲಿ ತಾಯಿ ಎಂದು ಕರೆದು. "ನನ್ನ ಸಮಾಧಾನಕ್ಕೆ ಅಂತ ಹೇಳ್ತೀಯ. ನಂಗೊತ್ತಿಲ್ವಾ ನೀನು?"

ನಿಜವನ್ನೇ ಹೇಳಿದೆ, ಅದು ಅವನ ಕಿವಿಗೆ ನನ್ನ ಒಳ್ಳೆಯತನವಾಗಿ ಬಿತ್ತು. ಅವರ ಮೇಲೆ ಎಷ್ಟು ಸಿಟ್ಟಿದೆಯೋ ನನಗೆ, ಈ ಒಂದು ಮಾತಿಗೆ ಅದಕ್ಕಿಂತ ಹೆಚ್ಚು. ಈಗಲೂ ಆ ಕೋಣೆಗೆ ಮುರಿದ ಬೆಂಚು ಸೇರಿಸಬೇಕಾದರೆ ಚಿಕ್ಕಪ್ಪ ಹೊಸ್ತಿಲು ದಾಟುವುದಿಲ್ಲ. ಹೊರಗೇ ನಿಂತು, ಚಪ್ಪಲಿ ಬಿಟ್ಟು, ಒಳಕ್ಕೆ ತಳ್ಳುತ್ತಾನೆ.